ಮುಟ್ಟಿದ ಕಾಯಿ

ಆ ಊರಿನವರಿಗೆ ಚದುರಂಗವೆಂದರೆ ಪ್ರಾಣ. ಆದ್ದರಿಂದಲೇ ಅಲ್ಲಿ ಯಾರೂ ಚದುರಂಗ ಆಡುವ ಹಾಗಿರಲಿಲ್ಲ.

ಕೇಳಿದವರಿಗೆ ಇದರ ತಲೆಬುಡ ತಿಳಿಯುವುದಿಲ್ಲ. ಆ ಊರಿನವರಿಗೆ ಮಾತ್ರ ಇದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ. ಮುತ್ತಜ್ಜಂದಿರಿಗೂ ಮುತ್ತಜ್ಜಂದಿರ ಕಾಲದಲ್ಲಿ ಅಲ್ಲಿ ಮೌನಿ ಎಂಬೊಬ್ಬ ಆಟಗಾರನಿದ್ದ. ಆಡುವಾಗ ಅವನು ತುಟಿಪಿಟಕ್ಕೆನ್ನುತ್ತಿರಲಿಲ್ಲ. ಅವನು ಸತ್ತು ನೂರು ವರ್ಷವಾದ ಮೇಲೆ ನಗುವವನು ಎಂಬೊಬ್ಬ ಬಂದ. ಅವನು ಒಂದೊಂದು ಕಾಯಿ ನಡೆಸಿದಾಗಲೂ ನಗುತ್ತಿದ್ದ. ಮೌನಿಯನ್ನು ಸೋಲಿಸಿದವರಿಲ್ಲ, ನಗುವವನನ್ನು ಸೋಲಿಸಿದವರೂ ಇಲ್ಲ. ನಗುವವನ ತಿಥಿಯ ದಿನ ಊಟದ ಪಂಕ್ತಿಯಲ್ಲಿ ಯಾವನೋ ಒಬ್ಬ, ಬಾಯಿ ತುಂಬ ಪಾಯಸ ಇಟ್ಟುಕೊಂಡು, ‘ಇಬ್ಬರಲ್ಲಿ ದೊಡ್ಡವನು ಯಾರು?’ ಎಂದು ಕೇಳಿದ. ಎಲೆ ಎತ್ತುವ ಮೊದಲೇ ಊರು ಎರಡು ಹೋಳಾಯಿತು. ಕೈ ತೊಳೆಯುವ ಜಾಗದಲ್ಲಿ ಇಬ್ಬರ ಹಲ್ಲು ಉದುರಿದವು.

ಹಿರಿಯರು ಮೂರು ದಿನ ಕೂತು ಒಂದು ಕಟ್ಟಳೆ ಮಾಡಿದರು. ಶ್ರೇಷ್ಠ ಯಾರೆಂದು ತೀರ್ಮಾನವಾಗಲಿ, ಆಮೇಲೆ ಆಡೋಣ. ಅಲ್ಲಿಯವರೆಗೆ ಯಾರೂ ಆಡಕೂಡದು. ಆಡಿದರೆ ಮೂರನೆಯವನೊಬ್ಬ ಎದ್ದು ಬಂದು ವಾದ ಕೆಟ್ಟುಹೋದೀತು. ಊರಿನ ಮಣೆಗಳನ್ನೆಲ್ಲ ಒಟ್ಟುಮಾಡಿ ಬಚ್ಚಲೊಲೆಗೆ ಹಾಕಿದರು. ಒಂದು ಮಣೆಯನ್ನು ಮಾತ್ರ ಉಳಿಸಿ, ಚಾವಡಿಯ ನಡುವಿನ ಕಲ್ಲುಕಟ್ಟೆಯ ಮೇಲೆ ಮೂವತ್ತೆರಡು ಕಾಯಿ ಜೋಡಿಸಿ ಇಟ್ಟರು. ಅದರ ಸುತ್ತ ಕೂತು ವಾದ ಶುರುಮಾಡಿದರು. ಶುರುಮಾಡಿದವರು ಸತ್ತರು, ಅವರ ಮಕ್ಕಳು ಸತ್ತರು, ಮೊಮ್ಮಕ್ಕಳು ಈಗ ಕೂತಿದ್ದರು.

ಬಿಳಿ ಕಾಯಿಗಳ ಹಿಂದೆ ಮೌನಿಯ ಪಂಗಡ. ಆ ಊರಿನಲ್ಲಿ ಅವರಷ್ಟು ಗಂಟಲು ಹರಿದುಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಕಪ್ಪು ಕಾಯಿಗಳ ಹಿಂದೆ ನಗುವವನ ಪಂಗಡ. ಅವರ ಮುಖದಲ್ಲಿ ನಗು ಕಂಡವರು ಒಬ್ಬರೂ ಇರಲಿಲ್ಲ. ನಡುವೆ, ಕಂಬಕ್ಕೆ ಒರಗಿ, ಮೂರು ಜನ ಬೇರೆ ಕೂರುತ್ತಿದ್ದರು. ನಿಜವಾದ ಶ್ರೇಷ್ಠನು ಇನ್ನೂ ಹುಟ್ಟಿಲ್ಲ ಎನ್ನುವುದು ಅವರ ಮತ. ಬಹಳ ಆಳವಾದವರೆಂದು ಅವರಿಗೆ ಹೆಸರು. ಎರಡೂ ಕಡೆಯವರು ಮಜ್ಜಿಗೆ ತಂದುಕೊಡುತ್ತಿದ್ದರು, ಈ ಮೂವರು ಕುಡಿದು ತೂಕಡಿಸುತ್ತಿದ್ದರು.

ಮಣೆಯ ಪಕ್ಕದಲ್ಲಿ ನೆಲದ ಮೇಲೆ ಒಬ್ಬ ಹೆಂಗಸು ಕೂರುತ್ತಿದ್ದಳು. ಅವಳು ಒರೆಸುವವಳು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಎಳ್ಳೆಣ್ಣೆಯಲ್ಲಿ ಅದ್ದಿದ ಬಟ್ಟೆ ಹಿಡಿದು ಬಂದು, ಮೂವತ್ತೆರಡು ಕಾಯಿಗಳನ್ನು ಒಂದೊಂದಾಗಿ ಎತ್ತಿ ಒರೆಸಿ ಅದದೇ ಮನೆಯಲ್ಲಿ ಇಡುವುದು ಅವಳ ಕೆಲಸ. ರಾಜನನ್ನು ಎತ್ತು, ಒರೆಸು, ಇಡು. ಮಂತ್ರಿಯನ್ನು ಎತ್ತು, ಒರೆಸು, ಇಡು. ಆನೆ, ಕುದುರೆ, ಒಂಟೆ, ಕಾಲಾಳು. ಎತ್ತು, ಒರೆಸು, ಇಡು. ಬೆರಳು ತಾಗಕೂಡದು, ಬಟ್ಟೆಯಲ್ಲೇ ಹಿಡಿಯಬೇಕು. ಯಾಕೆಂದರೆ ಕಲ್ಲುಕಟ್ಟೆಯ ಮೇಲೆ ಆಟದ ಒಂದು ನಿಯಮ ಕೆತ್ತಿತ್ತು: ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಕಲ್ಲಿನಲ್ಲಿ ಇದ್ದುದರಿಂದ ಅದೊಂದು ಉಳಿದಿತ್ತು. ಮಿಕ್ಕ ನಿಯಮಗಳನ್ನು ಊರು ಎಂದೋ ಮರೆತುಬಿಟ್ಟಿತ್ತು. ಒಂಟೆ ನೇರ ನಡೆಯುತ್ತದೋ ಓರೆ ನಡೆಯುತ್ತದೋ ಎಂದು ಯಾರಾದರೂ ಕೇಳಿದರೆ, ‘ಅದು ಆಟದ ವಿಷಯ. ಇಲ್ಲಿ ನಡೀತಿರೋದು ಶ್ರೇಷ್ಠತೆಯ ವಿಷಯ’ ಎಂದು ಎರಡೂ ಪಂಗಡದ ಯಜಮಾನರು ಗದರುತ್ತಿದ್ದರು.

ಒರೆಸುವವಳಿಗೆ ಆಟ ಗೊತ್ತಿತ್ತು. ಅವಳ ಅಜ್ಜಿಗೆ ಗೊತ್ತಿತ್ತು, ಅಜ್ಜಿಯ ಅತ್ತೆಗೂ ಗೊತ್ತಿತ್ತು. ಕಟ್ಟಳೆ ಮಾಡಿದ ಹಿರಿಯರು ಚಾವಡಿಯ ಗಂಡಸರನ್ನು ಎಣಿಸಿದ್ದರೇ ಹೊರತು ಅಡುಗೆಮನೆಯನ್ನು ಎಣಿಸಿರಲಿಲ್ಲ. ಹಿಟ್ಟು ಹರಡಿ ಅದರ ಮೇಲೆ ಬೆರಳಿನಿಂದ ಅರವತ್ತನಾಲ್ಕು ಮನೆ ಬರೆದು ಅಜ್ಜಿ ಇಬ್ಬರು ಮೊಮ್ಮಕ್ಕಳಿಗೆ ಕಲಿಸಿದ್ದಳು. ಆಟ ಮುಗಿದ ಮೇಲೆ ಅದೇ ಹಿಟ್ಟಿನಲ್ಲಿ ರೊಟ್ಟಿ ತಟ್ಟುತ್ತಿದ್ದಳು.

ಆ ಇಬ್ಬರಲ್ಲಿ ಇನ್ನೊಬ್ಬಳು ಒರೆಸುವವಳ ತಂಗಿ. ಹನ್ನೊಂದು ವರ್ಷದ ಹಿಂದೆ ಅಕ್ಕ ತಂಗಿ ಇಬ್ಬರೂ ಕೆರೆಯ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇದ್ದಲಿನಿಂದ ಮನೆ ಬರೆದು, ಹುಣಸೆಬೀಜ ಇಟ್ಟು ಆಡುತ್ತಿದ್ದರು. ಚಾವಡಿಯ ಕಾವಲಿನವನು ಎಮ್ಮೆ ಹುಡುಕಿಕೊಂಡು ಆ ಕಡೆ ಬಂದ. ತಂಗಿಯ ಬೆರಳು ಬೀಜದ ಮೇಲಿತ್ತು. ಅಕ್ಕ ಒದ್ದೆ ಬಟ್ಟೆಯನ್ನು ಎತ್ತಿಕೊಂಡು, ‘ನಾನು ಬಟ್ಟೆ ಒಗೀತಿದ್ದೆ’ ಎಂದಳು. ತಂಗಿ ಅಕ್ಕನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ, ‘ಹೌದು, ನಾನೊಬ್ಬಳೇ ಆಡ್ತಿದ್ದೆ’ ಎಂದಳು.

ಚಾವಡಿಯಲ್ಲಿ ವಿಚಾರಣೆಯಾಯಿತು. ತಂಗಿ ಆಡಿದ್ದು ಮೌನಿಗೆ ಮಾಡಿದ ಅವಮಾನವೋ ನಗುವವನಿಗೆ ಮಾಡಿದ ಅವಮಾನವೋ ಎನ್ನುವುದು ಬಗೆಹರಿಯಲಿಲ್ಲ. ಅದು ಬಗೆಹರಿಯಬೇಕಾದರೆ ಮೊದಲು ಶ್ರೇಷ್ಠ ಯಾರೆಂದು ತೀರ್ಮಾನವಾಗಬೇಕು. ಅಲ್ಲಿಯವರೆಗೆ ಅವಳ ಎರಡು ಕೈಗಳನ್ನೂ ತೊಗಲಿನ ಗವಸಿನೊಳಗೆ ಹಾಕಿ, ಮಣಿಕಟ್ಟಿನಲ್ಲಿ ಬಿಗಿದು, ಗಂಟಿಗೆ ಅರಗಿನ ಮುದ್ರೆ ಒತ್ತಿ ಕಳಿಸಿದರು. ಅಂದಿನಿಂದ ಅಕ್ಕನೇ ಅವಳಿಗೆ ಅನ್ನ ಕಲಸಿ ತಿನ್ನಿಸಬೇಕು, ತಲೆ ಬಾಚಬೇಕು, ಮೈ ತುರಿಸಿದರೆ ಕೆರೆಯಬೇಕು. ಅದೇ ವರ್ಷ ಹಿಂದಿನ ಒರೆಸುವವಳು ಸತ್ತಾಗ ಆ ಕೆಲಸವನ್ನು ಅಕ್ಕ ಕೇಳಿ ಪಡೆದಳು. ತೀರ್ಮಾನವಾದ ಗಳಿಗೆಯಲ್ಲಿ ಅಲ್ಲೇ ಇರಬೇಕು, ಒಂದೇ ಉಸಿರಿಗೆ ಓಡಿ ಹೋಗಿ ಗಂಟು ಬಿಚ್ಚಬೇಕು, ಅದಕ್ಕೆ.

ಅವಳು ದಿನಾ ಕಿವಿಯಗಲಿಸಿ ವಾದ ಕೇಳುತ್ತಿದ್ದಳು.

‘ಮೌನಿ ಮುನ್ನೂರು ಆಟ ಆಡಿ ಒಂದೂ ಸೋಲಲಿಲ್ಲ.’

‘ಯಾರ ಜೊತೆ ಆಡಿದ, ಅದನ್ನ ಹೇಳಿ. ಅವನ ಕಾಲದಲ್ಲಿ ಊರಲ್ಲಿದ್ದಿದ್ದೇ ಮೂವತ್ತು ಮನೆ. ಅದರಲ್ಲಿ ಅರ್ಧ ಜನಕ್ಕೆ ಕಣ್ಣು ಕಾಣ್ತಿರಲಿಲ್ಲ.’

‘ನಿಮ್ಮ ನಗುವವನಿಗೆ ಮೌನಿ ಬರೆದಿಟ್ಟ ಓಲೆ ಇತ್ತು ಸ್ವಾಮಿ. ಓದ್ಕೊಂಡು ಆಡಿದ. ಮೌನಿ ಯಾರ ಓಲೆ ಓದಿದ್ದ?’

‘ಓದಿದ್ರೆ ಸಾಕಾ? ನೀವೂ ಓದಿದ್ದೀರಲ್ಲ, ಏನು ಕಿತ್ತು ಗುಡ್ಡೆ ಹಾಕಿದ್ದೀರಿ?’

‘ಮೌನಿ ನಗುವವನ ಕಾಲದಲ್ಲಿ ಹುಟ್ಟಿದ್ದಿದ್ರೆ?’

‘ನಗುವವನು ಮೌನಿ ಕಾಲದಲ್ಲಿ ಹುಟ್ಟಿದ್ದಿದ್ರೆ?’

ವಾದ ಇಲ್ಲಿಗೆ ಬಂತೆಂದರೆ ಊಟದ ಹೊತ್ತಾಯಿತೆಂದು ಅರ್ಥ. ಎಲ್ಲರೂ ಎದ್ದು ಪಂಚೆ ಕೊಡವಿಕೊಂಡು ಹೋಗುತ್ತಿದ್ದರು. ಮಾರನೆಯ ದಿನ ಬಂದು ಮುನ್ನೂರು ಆಟದಿಂದ ಮತ್ತೆ ಶುರು.

‘ಇವತ್ತು ಏನಂದ್ರು?’ ಎಂದು ತಂಗಿ ಮನೆಯಲ್ಲಿ ಕೇಳುತ್ತಿದ್ದಳು.

‘ಹತ್ತಿರ ಬಂದಿದೆ ಕಣೇ. ಇವತ್ತು ಮೌನಿ ಕಡೆಯೋರು ಬಹಳ ಗಟ್ಟಿಯಾಗಿ ಮಾತಾಡಿದ್ರು.’

‘ಗಟ್ಟಿಯಾಗಿ ಮಾತಾಡೋಕೆ ಅವರಿಗೆ ಗಂಟಲು ಬಿಟ್ಟು ಬೇರೆ ಏನು ಬೇಕು? ಅಕ್ಕಾ, ಅವರಿಗೆ ಕುದುರೆ ಹೇಗೆ ನಡೆಯುತ್ತೆ ಅಂತಾನೂ ಗೊತ್ತಿಲ್ಲ. ದನ ಮೇಯಿಸೋಕೆ ಬರದೋರು ಹಾಲಿನ ರುಚಿ ಬಗ್ಗೆ ತೀರ್ಪು ಕೊಡ್ತಾರಂತೆ.’

‘ಹಾಗನ್ನಬೇಡ. ದೊಡ್ಡೋರು.’

‘ದೊಡ್ಡೋರು! ಬೆನ್ನು ಕೆರಿ, ಎಡಗಡೆ, ಇನ್ನೂ ಸ್ವಲ್ಪ ಮೇಲೆ.’

ಅಕ್ಕ ಕೆರೆಯುತ್ತಿದ್ದಳು. ತಂಗಿ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಕೆರೆಯ ಕಲ್ಲಿನ ಮಾತೆತ್ತಿರಲಿಲ್ಲ. ಒಂದು ಸಲ ಬೈದಿದ್ದರೆ ಅಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು.

ತೀರ್ಮಾನವಾಗುವುದಕ್ಕೂ ಒಂದು ಕ್ರಮವಿತ್ತು. ಪ್ರತಿ ಹುಣ್ಣಿಮೆಯ ಬೆಳಿಗ್ಗೆ ಎರಡೂ ಕಡೆಯ ತಲೆ ಎಣಿಸುತ್ತಿದ್ದರು. ಒಂದು ಕಡೆ ಮೂರು ತಲೆ ಹೆಚ್ಚಿದ್ದರೆ ತೀರ್ಮಾನವಾದಂತೆ. ಆಗ ಡೋಲಿನವನು ಡೋಲು ಬಾರಿಸಿ ಊರಿಗೆ ಸಾರಬೇಕು. ಆದರೆ ಹನ್ನೊಂದು ವರ್ಷದಲ್ಲಿ ಒರೆಸುವವಳು ಕೇಳಿದ್ದು ಒಂದೇ ಲೆಕ್ಕ: ಮೌನಿಯ ಕಡೆ ನಲವತ್ತೊಂದು, ನಗುವವನ ಕಡೆ ನಲವತ್ತು. ಒಬ್ಬ ಸತ್ತರೆ ಅವನ ತಮ್ಮ ಬರುತ್ತಿದ್ದ. ಇಬ್ಬರು ಸತ್ತರೆ ಇಬ್ಬರು ಬರುತ್ತಿದ್ದರು. ಎಲ್ಲ ಹಣೆಬರಹ ಎಂದು ಅವಳು ನಂಬಿದ್ದಳು.

ಒಂದು ದಿನ ಕಾಲಾಳನ್ನು ಒರೆಸುತ್ತಾ ಅವಳಿಗೆ ಲೆಕ್ಕ ಹೊಳೆಯಿತು. ಆ ಕಡೆಯಿಂದ ಒಬ್ಬನೇ ಒಬ್ಬ ಈ ಕಡೆ ಬಂದರೆ ಸಾಕು. ನಲವತ್ತೆರಡು, ಮೂವತ್ತೊಂಬತ್ತು. ಇಷ್ಟು ಸಣ್ಣ ಸಂಗತಿಗೆ ಹನ್ನೊಂದು ವರ್ಷ ಬೇಕಾಯಿತಲ್ಲ ಎಂದು ತನ್ನ ಮೇಲೆಯೇ ಅವಳಿಗೆ ಸಿಟ್ಟು ಬಂತು.

ಅವಳು ಡೋಲಿನವನ ಮನೆಗೆ ಹೋದಳು. ಅವನು ಹುಟ್ಟಿನಿಂದ ನಗುವವನ ಕಡೆಯವನು. ಜಗಲಿಯಲ್ಲಿ ಕೂತು ಡೋಲಿಗೆ ಹೊಸ ಚರ್ಮ ಬಿಗಿಯುತ್ತಿದ್ದ. ಬಾರಿಸದೇ ಹಳೆಯದಾದ ಚರ್ಮವನ್ನು ವರ್ಷಕ್ಕೊಮ್ಮೆ ತೆಗೆದು ಹೊಸತು ಹಾಕುವುದು ಅವರ ಮನೆತನದ ಕೆಲಸವಾಗಿತ್ತು.

‘ಅಣ್ಣಾ, ಈ ಡೋಲಿನ ಸದ್ದು ಹೇಗಿರುತ್ತೆ?’

‘ನನಗೇನು ಗೊತ್ತಮ್ಮ? ನಮ್ಮಪ್ಪನೂ ಕೇಳಿಲ್ಲ. ಸಾಯೋ ಮುಂಚೆ ಅದರ ಮೇಲೆ ಕೈಯಿಟ್ಟು ಅತ್ತ.’

‘ನೀವೊಬ್ಬರು ಈ ಹುಣ್ಣಿಮೆಗೆ ಆ ಕಡೆ ಹೋಗಿ ಕೂತ್ರೆ ಬಾರಿಸಬಹುದು.’

ಅವನು ಚರ್ಮದ ಹುರಿಯನ್ನು ಹಾಗೇ ಹಿಡಿದುಕೊಂಡು ಕೂತ. ‘ಮೌನಿ ದೊಡ್ಡೋನು ಅಂತ ಒಪ್ಪಿಕೊಂಡ ಹಾಗಾಗುತ್ತಲ್ಲಮ್ಮ.’

‘ನಿಮಗೆ ಇಬ್ಬರಲ್ಲಿ ಯಾರು ದೊಡ್ಡೋರಾದ್ರೆ ಏನಾಗಬೇಕಣ್ಣ?’

ಅವನು ಹುರಿಯನ್ನು ಕೆಳಗಿಟ್ಟ. ‘ಏನೂ ಆಗಬೇಕಾಗಿಲ್ಲ’ ಎಂದ. ಹಾಗೆ ಹೇಳಿದ್ದಕ್ಕೆ ತಾನೇ ಬೆಚ್ಚಿಬಿದ್ದು ಆಚೀಚೆ ನೋಡಿದ.

ಹುಣ್ಣಿಮೆಯ ಬೆಳಿಗ್ಗೆ ಚಾವಡಿ ತುಂಬಿತು. ಎಣಿಕೆಯವನು ಕೋಲು ಹಿಡಿದು ನಿಂತ. ಆಗ ಡೋಲಿನವನು ಡೋಲನ್ನು ಕೊರಳಿಗೆ ಹಾಕಿಕೊಂಡು, ಕಪ್ಪು ಕಾಯಿಗಳ ಹಿಂದಿನಿಂದ ಎದ್ದು, ಮಣೆಯನ್ನು ಬಳಸಿ, ಬಿಳಿ ಕಾಯಿಗಳ ಹಿಂದೆ ಹೋಗಿ ಕೂತ. ಡೋಲಿನವನ ಕೋಲು ಮೇಲೆದ್ದಿತ್ತು. ಒರೆಸುವವಳು ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಲು ಅಣಿಯಾದಳು.

ಅಷ್ಟರಲ್ಲಿ ಮೌನಿ ಪಂಗಡದ ಯಜಮಾನನು ಮಂಡಿಯ ಮೇಲೆ ಕೈಯೂರಿ ಎದ್ದ. ಮೂವತ್ತು ವರ್ಷದಿಂದ ಮೌನಿಯ ಹೆಸರು ಹೇಳಿ ಕಣ್ಣೀರು ಹಾಕುತ್ತಿದ್ದ ಮನುಷ್ಯ. ಕುಂಟುತ್ತಾ ಮಣೆಯನ್ನು ಬಳಸಿ ಹೋಗಿ ನಗುವವನ ಪಂಗಡದ ಯಜಮಾನನ ಪಕ್ಕದಲ್ಲಿ ಕೂತುಬಿಟ್ಟ. ಇವನು ತಲೆ ಎತ್ತಿಯೂ ನೋಡದೆ ಸರಿದು ಜಾಗ ಕೊಟ್ಟ.

‘ನಲವತ್ತೊಂದು, ನಲವತ್ತು’ ಎಂದ ಎಣಿಕೆಯವನು. ಚಾವಡಿ ಚಪ್ಪಾಳೆ ತಟ್ಟಿತು. ‘ಏನು ದೊಡ್ಡ ಮನಸ್ಸು! ವಾದದ ಬಲಕ್ಕೆ ಮಣಿದು ಪಕ್ಷವನ್ನೇ ಬಿಟ್ಟುಕೊಟ್ಟ’ ಎಂದು ಕಂಬಕ್ಕೆ ಒರಗಿದ್ದ ಮೂವರು ಎಚ್ಚರಾಗಿ ಕೊಂಡಾಡಿದರು. ಡೋಲಿನವನ ಕೋಲು ಮೇಲೇ ಉಳಿಯಿತು.

ಒರೆಸುವವಳು ಮಣೆಯ ಪಕ್ಕದಲ್ಲೇ ಇದ್ದಳು. ಯಜಮಾನರ ಪಿಸುಮಾತು ಅವಳಿಗೆ ಕೇಳಿಸಿತು. ಹೆಂಗಸು ಕೇಳಿಸಿಕೊಂಡಾಳು ಎಂದು ಅವರಿಗೆ ಹೊಳೆದಿರಲಿಕ್ಕೂ ಇಲ್ಲ.

‘ಯಾಕೆ ಇಷ್ಟು ತಡ ಮಾಡಿದಿರಿ? ನನ್ನ ಎದೆ ಹಾರಿಹೋಗಿತ್ತು.’

‘ಮಂಡಿ ನೋವು ಸ್ವಾಮಿ. ಆ ಡೋಲಿನವನಿಗೆ ಇದ್ದಕ್ಕಿದ್ದ ಹಾಗೆ ಏನು ಬಂತು ಕೇಡು? ತೀರ್ಮಾನ ಆಗಿಬಿಟ್ಟಿದ್ರೆ ಗತಿ ಏನು?’

‘ನಾಳೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕಾಗಿತ್ತು ನಾವು?’

‘ಅದೇ ಮತ್ತೆ! ಮುಂದಿನ ಹುಣ್ಣಿಮೆಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೀವು ಆ ಕಡೆ ಹೋಗಿ.’

‘ಹೋಗ್ತೀನಿ, ಹೋಗ್ತೀನಿ. ನಮ್ಮಪ್ಪನೂ ಹೋಗ್ತಿದ್ರು.’

ಒರೆಸುವವಳಿಗೆ ಮೊದಲು ಏನೂ ಅನ್ನಿಸಲಿಲ್ಲ. ಆಮೇಲೆ ಅಸಹ್ಯವಾಯಿತು. ಇಂಥವರ ಬಾಯಿ ನೋಡಿಕೊಂಡು ಹನ್ನೊಂದು ವರ್ಷ ಕಾದಳಲ್ಲ, ಇವರ ಊಟದ ಹೊತ್ತಿಗಾಗಿ ತಂಗಿಯ ಕೈ ಕೊಳೆಯಿತಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಮೌನಿಯ ಮೇಲೂ ನಗುವವನ ಮೇಲೂ ಅವಳಿಗೆ ಸಿಟ್ಟಿರಲಿಲ್ಲ. ಆ ಇಬ್ಬರು ಕೂತು ಆಡಿದ್ದರು, ಪಾಪ.

ಅವಳು ಎದ್ದು ನಿಂತಳು. ಎಣ್ಣೆಬಟ್ಟೆಯನ್ನು ಸೊಂಟದಿಂದ ಎಳೆದು ನೆಲಕ್ಕೆ ಹಾಕಿದಳು. ಬಿಳಿ ರಾಜನ ಮುಂದಿನ ಕಾಲಾಳಿನ ತಲೆಯ ಮೇಲೆ ಬರಿ ಬೆರಳು ಇಟ್ಟಳು.

‘ಮುಟ್ಟಿದಳು!’ ಎಂದು ಕಾವಲಿನವನು ಕಿರುಚಿದ.

ಎಂಬತ್ತು ಮಂದಿ ಒಟ್ಟಿಗೆ ಎದ್ದರು. ಆದರೆ ಕಲ್ಲಿನಲ್ಲಿ ಕೆತ್ತಿದ್ದನ್ನು ಯಾರು ಮೀರುತ್ತಾರೆ? ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ‘ನಡೆಸಿ ತೊಲಗು’ ಎಂದ ಮೌನಿ ಪಂಗಡದ ಯಜಮಾನ. ಅವಳು ಕಾಲಾಳನ್ನು ಎರಡು ಮನೆ ಮುಂದಿಟ್ಟಳು. ನೂರು ವರ್ಷದಲ್ಲಿ ಆ ಊರಿನ ಮಣೆಯ ಮೇಲೆ ನಡೆದ ಮೊದಲ ನಡೆ ಅದು. ಇಟ್ಟ ಸದ್ದು ಚಾವಡಿಗೆಲ್ಲ ಕೇಳಿಸಿತು.

ಇನ್ನು ಹೊರಟುಹೋಗಬಹುದಿತ್ತು. ಆದರೆ ಬಿಳಿ ಕಾಯಿಗಳ ಹಿಂದಿನಿಂದ ಯಾವನೋ ಒಬ್ಬ, ‘ಕಪ್ಪು ಉತ್ತರ ಕೊಡದಿದ್ರೆ ನಗುವವನು ಸೋತ ಹಾಗೆ!’ ಎಂದು ಕೂಗಿದ. ಅಲ್ಲಿಗೆ ಹೊತ್ತಿಕೊಂಡಿತು. ಕಪ್ಪಿನ ಕಡೆಯವರು ಎದೆ ಬಡಿದುಕೊಂಡರು. ಉತ್ತರ ಕೊಡಲೇಬೇಕು, ಈಗಲೇ ಕೊಡಬೇಕು, ಕಾಯಿ ಮುಟ್ಟಿ ಎದುರು ನಡೆ ಆಡಲೇಬೇಕು. ಯಾರು ಆಡಬೇಕು?

ಎಲ್ಲರೂ ನಗುವವನ ಪಂಗಡದ ಯಜಮಾನನನ್ನು ನೋಡಿದರು. ನಗುವವನ ಕುದುರೆಯ ನಡೆಗಳ ಬಗ್ಗೆ ನಲವತ್ತು ಓಲೆಯ ಗ್ರಂಥ ಬರೆದವನು ಅವನು. ಮದುವೆ ಮನೆಗಳಲ್ಲಿ ಅದನ್ನು ಓದಿಸುತ್ತಿದ್ದರು.

‘ಆಡಿ ಸ್ವಾಮಿ’ ಎಂದಳು ಒರೆಸುವವಳು. ‘ಕುದುರೆಯನ್ನೇ ನಡೆಸಿ.’

ಅವನು ಮಣೆಯ ಮುಂದೆ ಬಂದು ಕುದುರೆಯನ್ನು ನೋಡಿದ. ಆನೆಯನ್ನು ನೋಡಿದ. ಮತ್ತೆ ಕುದುರೆಯನ್ನು ನೋಡಿದ.

‘ಕುದುರೆ… ಅದರ ಗತ್ತಿನಲ್ಲಿ ನಡೆಯುತ್ತೆ’ ಎಂದ.

‘ಯಾವ ಮನೆಗೆ?’

‘ಸೂಕ್ತವಾದ ಮನೆಗೆ.’

ಯಾರೂ ನಗಲಿಲ್ಲ. ನಗುವುದಕ್ಕಾದರೂ ಕುದುರೆಯ ನಡೆ ಗೊತ್ತಿರಬೇಕಲ್ಲ. ಅವನು ಮೆಲ್ಲಗೆ ಹಿಂದಕ್ಕೆ ಸರಿದು, ಹೊಸದಾಗಿ ತನ್ನ ಪಕ್ಕಕ್ಕೆ ಬಂದಿದ್ದ ಮೌನಿಯ ಯಜಮಾನನನ್ನು ಮುಂದಕ್ಕೆ ತಳ್ಳಿದ. ಅವನು ತನಗೆ ಮಂಡಿ ನೋವು ಎಂದ. ಕಂಬಕ್ಕೆ ಒರಗಿದ್ದ ಮೂವರನ್ನು ಕೇಳಿದರು. ಆಡಬೇಕಾದವನು ಇನ್ನೂ ಹುಟ್ಟಿಲ್ಲ ಎಂದರು ಅವರು.

‘ನನ್ನ ತಂಗಿಗೆ ಆಡೋಕೆ ಬರುತ್ತೆ’ ಎಂದಳು ಒರೆಸುವವಳು.

‘ಅವಳ ಕೈ ಬಿಚ್ಚೋ ಹಾಗಿಲ್ಲ. ತೀರ್ಮಾನ ಆಗೋವರೆಗೆ…’

‘ಹಾಗಾದ್ರೆ ನೀವು ಆಡಿ.’

ಯಜಮಾನರು ಕಾವಲಿನವನಿಗೆ ಕೈಸನ್ನೆ ಮಾಡಿದರು. ಕಾವಲಿನವನು ಹೋಗಿ ತಂಗಿಯನ್ನು ಕರೆತಂದ. ಅರಗು ಒಡೆದು, ಹುರಿ ಕೊಯ್ದು, ಗವಸು ಎಳೆದರು. ಒಳಗಿಂದ ಬಂದ ಕೈಗಳು ಕತ್ತಲಲ್ಲಿ ಮೊಳೆತ ಕಾಳಿನ ಹಾಗೆ ಬೆಳ್ಳಗಿದ್ದವು. ಉಗುರು ಸುತ್ತಿಕೊಂಡು ಅಂಗೈಗೆ ಒತ್ತಿದ್ದವು. ವಾಸನೆಗೆ ಮುಂದಿನ ಸಾಲಿನ ದೊಡ್ಡವರು ಮೂಗು ಮುಚ್ಚಿಕೊಂಡರು.

ಒರೆಸುವವಳಿಗೆ ಅದನ್ನು ನೋಡಲಾಗಲಿಲ್ಲ. ಅವಳು ಚಾವಡಿಗೆಲ್ಲ ಕೇಳುವಂತೆ, ‘ಅವತ್ತು ಕೆರೆ ಹತ್ತಿರ ಇವಳ ಎದುರಿಗೆ ಕೂತು ಆಡ್ತಿದ್ದೋಳು ನಾನು. ಸುಳ್ಳು ಹೇಳಿದೆ. ಕೈ ಕಟ್ಟೋದಿದ್ರೆ ನನ್ನದೂ ಕಟ್ಟಬೇಕಾಗಿತ್ತು’ ಎಂದಳು. ಹೇಳಿ ಮುಗಿಸುವಷ್ಟರಲ್ಲಿ ಅಳು ಬಂತು.

ಎರಡೂ ಕಡೆಯ ಯಜಮಾನರು ಒಟ್ಟಿಗೆ ಮುಂದಕ್ಕೆ ಬಾಗಿದರು.

‘ಅವತ್ತು ಗೆಲ್ತಾ ಇದ್ದೋರು ಯಾರು?’ ಎಂದು ಕೇಳಿದರು.

ತಂಗಿ ಗಟ್ಟಿಯಾಗಿ ನಕ್ಕಳು. ಅಕ್ಕನ ಕಣ್ಣು ಒರೆಸಲು ಹೋದಳು, ಬೆರಳು ಬಾಗದೆ ಮಣಿಕಟ್ಟಿನಿಂದಲೇ ಒರೆಸಿದಳು. ‘ಕೂತ್ಕೋ ಅಕ್ಕ. ಇವರಿಗೆ ಹೇಳಿ ಯಾಕೆ ಬಾಯಿ ನೋಯಿಸ್ಕೊಳ್ತೀಯ’ ಎಂದಳು. ಮಣೆಯ ಕಪ್ಪು ಕಡೆಗೆ ಕೂತು, ಎರಡು ಅಂಗೈಗಳ ನಡುವೆ ಹಿಡಿದು ತನ್ನ ಕಾಲಾಳನ್ನು ಎರಡು ಮನೆ ತಂದಳು.

ಅಕ್ಕ ಆಡಿದಳು. ತಂಗಿ ಆಡಿದಳು. ಅಕ್ಕ ಕುದುರೆ ಹಾರಿಸಿದಳು. ತಂಗಿ ಒಂಟೆಯನ್ನು ಓರೆಯಾಗಿ ಓಡಿಸಿದಳು. ಕುದುರೆ ಹೀಗೆ ಹೋಗುತ್ತದೆಯೇ, ಒಂಟೆ ಹಾಗೆ ಹೋಗುತ್ತದೆಯೇ ಎಂದು ಎಂಬತ್ತು ಮಂದಿ ಬಾಯಿ ತೆರೆದು ನೋಡಿದರು. ಒಂಬತ್ತು ನಡೆಯವರೆಗೆ ಆ ಚಾವಡಿಯಲ್ಲಿ ಮನುಷ್ಯರ ದನಿ ಇರಲಿಲ್ಲ. ನಡೆಯಿಂದ ನಡೆಗೆ ತಂಗಿಯ ಬೆರಳುಗಳಲ್ಲಿ ಜೀವ ಬಂತು. ಒಂಬತ್ತನೆಯ ನಡೆಗೆ ಅವಳು ಹೆಬ್ಬೆರಳು ತೋರುಬೆರಳಿನಲ್ಲೇ ಕಾಯಿ ಎತ್ತಿದಳು. ಮೂವತ್ತು ವರ್ಷ ವಾದ ಮಾಡಿದವರಿಗೆ ಆ ಒಂಬತ್ತು ನಡೆಯ ಹೊತ್ತು ಏನನ್ನಿಸಿತೋ ಗೊತ್ತಿಲ್ಲ. ಏನಾದರೂ ಅನ್ನಿಸಿದ್ದರೆ ಅದು ಹತ್ತನೆಯ ನಡೆಯವರೆಗೆ ಉಳಿಯಲಿಲ್ಲ.

‘ಅಕ್ಕನೇ ದೊಡ್ಡೋಳು’ ಎಂದ ಒಬ್ಬ.

‘ಕೈಯಿಲ್ಲದ ಕೈಯಲ್ಲಿ ತಂಗಿ ಆಡ್ತಿದ್ದಾಳಲ್ಲ, ಅದನ್ನ ಲೆಕ್ಕಕ್ಕೆ ಹಿಡೀರಿ’ ಎಂದ ಇನ್ನೊಬ್ಬ.

‘ಅಕ್ಕ ದಿನಾ ಮಣೆ ಮುಂದೆ ಕೂತಿದ್ದಳು. ತಂಗಿಗೆ ಆ ಅನುಕೂಲ ಇತ್ತಾ?’

‘ತಂಗಿಗೆ ಹನ್ನೊಂದು ವರ್ಷ ಯೋಚನೆ ಮಾಡೋಕೆ ಪುರುಸೊತ್ತಿತ್ತು. ಅಕ್ಕನಿಗೆ ಮನೆಗೆಲಸ!’

‘ಅಕ್ಕ ತಂಗಿಯಾಗಿ ಹುಟ್ಟಿದ್ದಿದ್ರೆ?’

‘ತಂಗಿ ಅಕ್ಕನಾಗಿ ಹುಟ್ಟಿದ್ದಿದ್ರೆ?’

ಚಾವಡಿಗೆ ಹೋದ ಜೀವ ಮರಳಿ ಬಂತು. ಪಂಗಡಗಳು ಒಡೆದು ಹೊಸದಾಗಿ ಕೂಡಿದವು. ಜಾಗ ಬದಲಿಸುವ ಗಡಿಬಿಡಿಯಲ್ಲಿ ಒಬ್ಬರ ಕಾಲನ್ನು ಒಬ್ಬರು ತುಳಿದರು. ಎಣಿಕೆಯವನು ಎಣಿಸಿದ: ಅಕ್ಕನ ಕಡೆ ನಲವತ್ತೊಂದು, ತಂಗಿಯ ಕಡೆ ನಲವತ್ತು. ಕಂಬಕ್ಕೆ ಒರಗಿದ ಮೂವರು, ಇವರಿಗಿನ್ನೂ ಮೂರನೆಯ ತಂಗಿ ಹುಟ್ಟಬೇಕಾಗಿದೆ ಎಂದರು. ಮಜ್ಜಿಗೆ ಬಂತು.

ಗದ್ದಲದ ನಡುವೆ ಅಕ್ಕ ತಂಗಿ ಆಡುತ್ತಲೇ ಇದ್ದರು. ಅದು ಒಬ್ಬ ಯಜಮಾನನ ಕಣ್ಣಿಗೆ ಬಿತ್ತು.

‘ನಿಲ್ಲಿಸಿ, ನಿಲ್ಲಿಸಿ! ಇಲ್ಲಿ ಇಷ್ಟು ಗಂಭೀರವಾದ ವಾದ ನಡೀತಿರುವಾಗ ಟಕಟಕ ಅಂತ ಅದೇನು ಆಟ? ಶ್ರೇಷ್ಠ ಯಾರೆಂದು ತೀರ್ಮಾನವಾಗಲಿ, ಆಮೇಲೆ ಆಡೋಣ. ಅಲ್ಲಿಯವರೆಗೆ ಇಬ್ಬರ ಕೈಯನ್ನೂ ಕಟ್ಟಿ.’

ಕಾವಲಿನವನು ಎರಡು ಜೊತೆ ಗವಸು ಹಿಡಿದು ಬಂದ. ಆಗ ತಂಗಿಯ ಬಲಗೈಯಲ್ಲಿ ಕಪ್ಪು ಮಂತ್ರಿಯಿತ್ತು. ಮಣೆಯಿಂದ ಎತ್ತಿದ್ದಳು, ಇನ್ನೂ ಇಟ್ಟಿರಲಿಲ್ಲ. ಅವಳು ಮುಷ್ಟಿ ಬಿಗಿದು ಎದ್ದು ನಿಂತಳು.

‘ಸ್ವಾಮಿ, ಕಾಯಿ ಮುಟ್ಟಿದ್ದೀನಿ. ನಡೆಸದೆ ಬಿಡಬಹುದಾ?’

ಯಜಮಾನರು ಕಲ್ಲನ್ನು ನೋಡಿದರು. ‘ಬಿಡೋ ಹಾಗಿಲ್ಲ.’

‘ಇಷ್ಟು ಹೊತ್ತಿನೊಳಗೇ ನಡೆಸಬೇಕು ಅಂತ ಎಲ್ಲಾದ್ರೂ ಬರೆದಿದೆಯಾ?’

ಅವರು ಮತ್ತೆ ಕಲ್ಲನ್ನು ನೋಡಿದರು. ಕಟ್ಟೆಯ ನಾಲ್ಕೂ ಬದಿಗೆ ಸುತ್ತಿ, ಬಗ್ಗಿ, ಉಜ್ಜಿ ನೋಡಿದರು. ಬರೆದಿರಲಿಲ್ಲ.

‘ಹಾಗಾದ್ರೆ ನಾನು ಸ್ವಲ್ಪ ಯೋಚನೆ ಮಾಡ್ತೀನಿ. ನಡೆ ಮುಗಿಯೋವರೆಗೆ ನನ್ನ ಕೈ ಕಟ್ಟೋಕಾಗಲ್ಲ. ಎದುರು ಆಡಬೇಕಾದೋಳು ಇವಳು, ಇವಳ ಕೈಯನ್ನೂ ಕಟ್ಟೋಕಾಗಲ್ಲ. ಬಾ ಅಕ್ಕ.’

ಕಾವಲಿನವನು ಗವಸು ಹಿಡಿದುಕೊಂಡು ಯಜಮಾನರ ಮುಖ ನೋಡಿದ. ನಡೆಸದ ಕಾಯಿಯನ್ನು ಹಿಡಿದ ಕೈ ಆಟಗಾರಳದೋ ಅಪರಾಧಿಯದೋ ಎಂದು ಒಬ್ಬ ಪ್ರಶ್ನೆ ಎತ್ತಿದ. ಬಹಳ ಒಳ್ಳೆಯ ಪ್ರಶ್ನೆ ಎಂದು ಎಲ್ಲರೂ ಒಪ್ಪಿ ಕೂತರು. ಅದರ ಮೇಲೆ ವಾದ ಏರುತ್ತಿದ್ದಂತೆ ಅಕ್ಕ ತಂಗಿ ಚಾವಡಿಯ ಮೆಟ್ಟಿಲಿಳಿದರು. ಡೋಲಿನವನೊಬ್ಬ ಅವರು ಹೋಗುವುದನ್ನು ನೋಡಿದ. ಯಾವ ತೀರ್ಮಾನವೂ ಆಗದೆಯೇ, ಡೋಲನ್ನು 'ಢಂ' ಎಂದು ಒಂದು ಸಲ ಬಾರಿಸಿದ. ವಾದದ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಅವರು ಊರ ಗಡಿಯನ್ನು ದಾಟಿದರು. ಹೊಲದ ನಡುವಿನ ದಾರಿ ಹಿಡಿದರು.

‘ಆ ಮಂತ್ರಿಯನ್ನ ಎಲ್ಲಿಡಬೇಕು ಅಂತಿದ್ದೆ?’ ಎಂದು ಅಕ್ಕ ಕೇಳಿದಳು.

‘ಎಲ್ಲಿಟ್ಟರೂ ಮೂರನೇ ನಡೆಗೆ ನಾನು ಸೋಲ್ತಿದ್ದೆ. ನಿನಗೆ ಗೊತ್ತಿತ್ತು.’

‘ಗೊತ್ತಿತ್ತು.’

‘ಅವತ್ತು ಕೆರೆ ಹತ್ತಿರಾನೂ ಹಾಗೇ ಆಗಿತ್ತು. ನೀನೇ ದೊಡ್ಡೋಳು ಕಣೇ ಅಕ್ಕ, ಆಟದಲ್ಲಿ.’ ಕೊನೆಯ ಮಾತನ್ನು ತಂಗಿ ಬೇಕೆಂದೇ ಹೇಳಿದಳು.

ಹನ್ನೊಂದು ವರ್ಷದಿಂದ ಕಾಯುತ್ತಿದ್ದ ಬೈಗುಳ ಅದು. ಅಕ್ಕ ತಲೆ ತಗ್ಗಿಸಿ ಅದನ್ನು ತೆಗೆದುಕೊಂಡಳು. ಹಿಂದೆ, ದೂರದ ಚಾವಡಿಯಿಂದ ಗದ್ದಲ ಇನ್ನೂ ತೆಳ್ಳಗೆ ಕೇಳಿಸುತ್ತಿತ್ತು.

‘ಹೋಗಿ ಹೇಳಿ ಬರಲಾ ಅವರಿಗೆ, ಉತ್ತರ ಸಿಕ್ತು ಅಂತ?’ ಎಂದಳು ತಂಗಿ.

‘ಬೇಡ. ಉತ್ತರ ಸಿಕ್ಕಿದ್ರೆ ಸತ್ತೇ ಹೋಗ್ತಾರೆ’ ಎಂದಳು ಅಕ್ಕ.

ತಂಗಿ ಮಂತ್ರಿಯಿಲ್ಲದ ಕೈಯನ್ನು ಚಾಚಿ ಅಕ್ಕನ ಕೈ ಹಿಡಿದಳು. ಹಿಡಿತದಲ್ಲಿ ಬಲವಿರಲಿಲ್ಲ, ಎರಡು ಹೆಜ್ಜೆಗೆ ಬೆರಳು ಜಾರಿದವು. ಅಕ್ಕನೇ ಬಿಗಿಯಾಗಿ ಹಿಡಿದುಕೊಂಡಳು.